ಘಮವಿಲ್ಲದ ಎಣ್ಣೆ

ನಾನು ಕೆಮಿಕಲ್ ಇಂಜಿನಿಯರಿಂಗ್ ಓದಿದ್ದು ಮಿರ್ಚಿ ಕರಿಯುವುದಕ್ಕೆ ಎಂಬುದು ಮದುವೆಯಾದ ಮೇಲೆ ತಿಳಿಯಿತು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿದ್ದ ಗಂಡನ ಮನೆಗೆ ಯಾರಾದರೂ ಬಂದರೆ ಅತ್ತೆ ನನ್ನನ್ನು ಪಡಸಾಲೆಗೆ ಕರೆದು, “ನಮ್ಮ ಸೊಸೆ ಇಂಜಿನಿಯರು” ಎಂದು ಪರಿಚಯಿಸುತ್ತಿದ್ದರು. ಷೋಕೇಸಿನಲ್ಲಿದ್ದ ಗಾಜಿನ ನವಿಲನ್ನು ತೋರಿಸುವಾಗಲೂ ಅವರ ದನಿ ಹಾಗೆಯೇ ಇರುತ್ತಿತ್ತು. ಬಂದವರು ಮೆಚ್ಚಿ ತಲೆಯಾಡಿಸುತ್ತಿದ್ದರು. ಆಮೇಲೆ ಇಂಜಿನಿಯರು ಅಡುಗೆಮನೆಗೆ ಹೋಗಿ, ಮಿರ್ಚಿ ಕರಿದು, ಮಂಡಕ್ಕಿ ಕಲಸಿ ತಂದುಕೊಡುತ್ತಿದ್ದರು. ನವಿಲಿಗೆ ಆ ಕಷ್ಟವಿರಲಿಲ್ಲ.

ಮಾವನದು ಎಣ್ಣೆ ಮಿಲ್ಲು. ಕರೂರು ಕೈಗಾರಿಕಾ ಪ್ರದೇಶದಲ್ಲಿತ್ತು. ಕೊಂಡಜ್ಜಿ ಕಡೆಯ ಹೊಲಗಳಿಂದ ಶೇಂಗಾ ಬರುತ್ತಿತ್ತು. ಸುಲಿದ ಬೀಜವನ್ನು ನುಚ್ಚು ಮಾಡಿ, ಆಳೆತ್ತರದ ಕಬ್ಬಿಣದ ಹಂಡೆಯಲ್ಲಿ ಹಬೆ ಕೊಟ್ಟು ಬೇಯಿಸುತ್ತಿದ್ದರು. ಮಿಲ್ಲಿನವರು ಅದಕ್ಕೆ ಕೆಟಲ್ ಅನ್ನುತ್ತಿದ್ದರು. ಬೆಂದದ್ದು ಎಕ್ಸ್‌ಪೆಲ್ಲರೆಂಬ ಯಂತ್ರದ ಗಾಣದೊಳಗೆ ಹೋಗಿ ಎಣ್ಣೆ ಒಂದು ಕಡೆ, ಹಿಂಡಿ ಇನ್ನೊಂದು ಕಡೆ ಬೀಳುತ್ತಿತ್ತು. ಹಬೆಗೆ ಬಾಯ್ಲರು, ಬಾಯ್ಲರಿಗೆ ಶೇಂಗಾ ಸಿಪ್ಪೆ, ಸಿಪ್ಪೆಯ ಹೊಗೆಯೆಲ್ಲ ಅಕ್ಕಪಕ್ಕದವರು ಒಣಹಾಕಿದ ಬಟ್ಟೆಗೆ.

ಬೀಜ ಹದವಾಗಿ ಬೆಂದಿದೆಯೇ ಎಂದು ಹೇಳುವುದು ಮೂಗು. ಕಡಿಮೆ ಬೆಂದರೆ ಎಣ್ಣೆ ಬಿಡುವುದಿಲ್ಲ, ಹೆಚ್ಚು ಬೆಂದರೆ ಕಮಟು ಹಿಡಿಯುತ್ತದೆ. ಮಾವ ಕೆಟಲಿನ ಪಕ್ಕ ನಿಂತು, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದು “ಆತು, ಬಿಡ್ರಿ” ಅಂದರೆ ಮುಗಿಯಿತು. ಪೇಟೆಯಲ್ಲಿ ಅವರಿಗಿಂತ ಅವರ ಮೂಗಿಗೇ ಹೆಚ್ಚು ಮರ್ಯಾದೆ. ಮೂಗಿಗೊಂದು ಪೇಟ ಸುತ್ತಿ ಸನ್ಮಾನ ಮಾಡುವುದೊಂದು ಬಾಕಿಯಿತ್ತು.

ಮಾವನ ಕಡೆಯ ಎಣ್ಣೆ ವ್ಯಾಪಾರಿಗಳಲ್ಲಿ ಒಂದು ರೂಢಿಯಿತ್ತು. ಮಾರುವವನು ತನ್ನ ಎಣ್ಣೆಯನ್ನು ತಾನೇ ಮೊದಲು ಅಂಗೈಗೆ ಹಾಕಿಕೊಂಡು, ಉಜ್ಜಿ, ಮೂಸಿ, ಕೊಳ್ಳುವವನ ಎದುರು ಅದು ಹೇಗಿದೆಯೆಂದು ಬಾಯಿಬಿಟ್ಟು ಹೇಳಬೇಕು. ಆ ಮಾತು ಆಣೆಗೆ ಸಮ. ಅದಾದ ಮೇಲೆ ಕೊಳ್ಳುವವನು ಮೂಸುತ್ತಾನೆ. ಎರಡೂ ಮೂಗು ಒಪ್ಪಿದರೆ ವ್ಯಾಪಾರ. ಲ್ಯಾಬು, ರಿಪೋರ್ಟು, ಸಹಿ, ಮೊಹರು ಒಂದೂ ಬೇಡ. ಇದನ್ನು ಕೇಳಿದ ದಿನ ಪೆಟ್ಟಿಗೆಯಲ್ಲಿದ್ದ ನನ್ನ ಡಿಗ್ರಿ ಸರ್ಟಿಫಿಕೇಟು ಮಗ್ಗುಲು ಬದಲಿಸಿ ಮತ್ತೆ ಮಲಗಿರಬೇಕು.

ಆದರೆ ಮೂಗೊಂದರಿಂದ ಮಿಲ್ಲು ಎಷ್ಟು ದಿನ ನಡೆದೀತು? ಆಗ ಪಾಮೋಲಿನ್ ಎಂಬ ಹೊರದೇಶದ ತಾಳೆ ಎಣ್ಣೆ ಊರಿಗೆಲ್ಲ ಬಂದು ಸುರಿಯುತ್ತಿತ್ತು. ಅಗ್ಗ. ಬಣ್ಣವಿಲ್ಲ, ವಾಸನೆಯಿಲ್ಲ. ಜನ ಅದನ್ನು ಬಾಯಿತುಂಬ ಬೈದು, ಅದರಲ್ಲೇ ಕರಿದದ್ದನ್ನು ಬಾಯಿತುಂಬ ತಿನ್ನುತ್ತಿದ್ದರು. ಊರಿನ ಎಣ್ಣೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು.

ಹೀಗಿರುವಾಗ ನನ್ನ ಜತೆ ಓದಿದ ಗೆಳತಿಯೊಬ್ಬಳು ಬೆಂಗಳೂರಿನಿಂದ ಬಂದವಳು, ತಾನು ಕೆಲಸ ಮಾಡುವ ಲ್ಯಾಬಿನ ಕತೆ ಹೇಳಿದಳು. ಅಲ್ಲಿ ಅಲ್ಟ್ರಾಸೌಂಡಿನಿಂದ ಬೀಜದ ಎಣ್ಣೆ ತೆಗೆಯಲು ನೋಡುತ್ತಿದ್ದಾರಂತೆ. ಕಿವಿಗೆ ಕೇಳಿಸದಷ್ಟು ಚುರುಕಾದ ಶಬ್ದವದು. ನೀರಿನಲ್ಲಿ ಹಾಯಿಸಿದರೆ ಕಣ್ಣಿಗೆ ಕಾಣದ ಗುಳ್ಳೆಗಳು ಎದ್ದು ಒಡೆಯುತ್ತವೆ. ಒಡೆಯುವ ರಭಸಕ್ಕೆ ನೀರಿನಲ್ಲಿರುವ ಬೀಜದ ನುಚ್ಚಿನ ಜೀವಕೋಶಗಳ ಗೋಡೆಗಳು ಹರಿದು, ಒಳಗಿನ ಎಣ್ಣೆ ಹೊರಗೆ ಬರುತ್ತದೆ. ಬೇಯಿಸುವುದು ಬೇಡ, ಬಾಯ್ಲರ್ ಬೇಡ, ಸಿಪ್ಪೆ ಸುಡುವುದು ಬೇಡ. ದೊಡ್ಡ ಕಾರ್ಖಾನೆಗಳಲ್ಲಿ ಎಣ್ಣೆ ಕರಗಿಸಿ ತೆಗೆಯಲು ಬಳಸುವ ಪೆಟ್ರೋಲಿನ ಜಾತಿಯ ದ್ರಾವಕವೂ ಬೇಡ. ಕೇಳುತ್ತ ಕೇಳುತ್ತ ನನ್ನ ಕೈಲಿದ್ದ ಕಾಫಿ ಆರಿಹೋಯಿತು. ಮದುವೆಯಾದ ಮೇಲೆ ಅಷ್ಟು ಖುಷಿ ನನಗೆ ಯಾವುದರಿಂದಲೂ ಆಗಿರಲಿಲ್ಲ. ಗಂಡ ಇದನ್ನು ಓದಿದರೂ ಚಿಂತೆಯಿಲ್ಲ.

ಗೆಳತಿ ಊರಿಗೆ ಹೋದವಳೇ, ಕನ್ನಡಕದ ಅಂಗಡಿಯೊಂದು ಬಳಸಿ ಬಿಟ್ಟಿದ್ದ ಯಂತ್ರವೊಂದನ್ನು ಹುಡುಕಿ ಬಸ್ಸಿಗೆ ಹಾಕಿ ಕಳಿಸಿದಳು. ಕನ್ನಡಕದ ಕೊಳೆ ತೊಳೆಯುವ ಸ್ಟೀಲಿನ ತೊಟ್ಟಿ. ಅದಕ್ಕೂ ಅದೇ ಅಲ್ಟ್ರಾಸೌಂಡು. ಆ ಪದ ಕಿವಿಗೆ ಬಿದ್ದ ಕೂಡಲೇ ಅತ್ತೆ ನನ್ನ ಹೊಟ್ಟೆ ನೋಡಿದರು. ಪಕ್ಕದ ಮನೆಯವರು ಸಕ್ಕರೆ ಹಿಡಿದುಕೊಂಡೇ ಬಂದರು. ಒಳಗಿರುವುದು ಶೇಂಗಾ ಎಂದು ತಿಳಿದಾಗ ಸಕ್ಕರೆ ಸಮೇತ ಹಿಂದಿರುಗಿದರು.

ನಮ್ಮನೆಯವರ ಅಭಿಪ್ರಾಯ ಕೇಳಿದೆ. “ಅಪ್ಪಾಜಿ ಹೂಂ ಅಂದ್ರೆ ನಂದೇನೈತೆ” ಎಂದು ಪೇಪರ್ ಮಗುಚಿದರು. ಈ ಇಡೀ ಪ್ರಸಂಗದಲ್ಲಿ ಅವರ ಪಾಲು ಅಷ್ಟೇ. ಹೆಚ್ಚಿಸಿ ಬರೆದರೆ ಸುಳ್ಳಾಗುತ್ತದೆ.

ಮಾವ ಒಪ್ಪುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಹಳೇ ಕಾಲದವರು, ಕ್ಯಾಲ್ಕುಲೇಟರನ್ನೂ ಒಮ್ಮೆ ಅನುಮಾನದಿಂದ ನೋಡಿಯೇ ಮುಟ್ಟುವವರು. ಆದರೆ ನಾನು ವಿವರಿಸಿದ್ದನ್ನೆಲ್ಲ ಸುಮ್ಮನೆ ಕೇಳಿದರು. ಕೇಳಿ ಒಂದೇ ಪ್ರಶ್ನೆ ಹಾಕಿದರು.

“ಬೀಜ ಹದಕ್ಕೆ ಬಂದಿದ್ದು ಹೆಂಗೆ ಗೊತ್ತಾಗತೈತವ್ವ?”

“ಗಡಿಯಾರ, ಥರ್ಮಾಮೀಟರು ನೋಡಿದ್ರೆ ಸಾಕು ಮಾವ.”

“ಮೂಸೋದು ಬ್ಯಾಡ?”

“ಬೇಡವೇ ಬೇಡ.”

“ಹಂಗಾದ್ರೆ ಮಾಡು” ಅಂದರು. ಅಷ್ಟೇ ಅಲ್ಲ, ಒಂದು ಮಾತೂ ಕೊಟ್ಟರು. ಎಣ್ಣೆ ಬಂದರೆ ಹರಿಹರದ ಸಾವ್ಕಾರ್ರಿಗೆ ತೋರಿಸುವುದು. ಅವರು ನಮ್ಮ ಎಣ್ಣೆಯ ದೊಡ್ಡ ಗಿರಾಕಿ, ಮಾವನಿಗೆ ಹಳೆಯ ಸ್ನೇಹಿತರು. ಅವರು ಒಪ್ಪಿದರೆ ಮಿಲ್ಲಿನ ಹಿಂದಿರುವ ಖಾಲಿ ಗೋದಾಮು ನನಗೆ. ಅಲ್ಲಿ ನನ್ನ ಯಂತ್ರ, ನನ್ನ ಕೆಲಸ. ಒಪ್ಪದಿದ್ದರೆ ತೊಟ್ಟಿ ವಾಪಸು, ನಾನು ಅಡುಗೆಮನೆಗೆ ವಾಪಸು. ನನ್ನ ಓದಿಗೆ ಈ ಮನೆಯಲ್ಲಿ ಒಬ್ಬರಾದರೂ ಬೆಲೆ ಕೊಟ್ಟರಲ್ಲ ಎಂದು ಉಬ್ಬಿಹೋದೆ. ಆ ಗೋದಾಮು ನನಗೆ ಬೇಕೇ ಬೇಕಿತ್ತು. ಹಾಳುಬಿದ್ದ ಗೋದಾಮಿಗೆ ಅಷ್ಟು ಆಸೆಪಟ್ಟ ಹೆಂಗಸು ದಾವಣಗೆರೆಯಲ್ಲಿ ಇನ್ನೊಬ್ಬಳು ಇದ್ದಿರಲಿಕ್ಕಿಲ್ಲ.

ಕೆಲಸ ಶುರುವಾಯಿತು. ಶೇಂಗಾ ನೆನೆಸಿ ರುಬ್ಬಿ, ನೀರು ಬೆರೆಸಿ ತೊಟ್ಟಿಗೆ ಸುರಿದೆ. ಶಬ್ದ ಕೇಳಿಸುವುದಿಲ್ಲ ಎಂದು ಪುಸ್ತಕ ಹೇಳುತ್ತದೆ, ತೊಟ್ಟಿ ಪುಸ್ತಕ ಓದಿರಲಿಲ್ಲ. ಸ್ವಿಚ್ ಹಾಕಿದ ಕೂಡಲೇ ಸೊಂಯ್ ಎಂದು ಹಲ್ಲು ಜುಂ ಅನ್ನಿಸುವ ಹಾಗೆ ಕೂಗತೊಡಗಿತು. ಬೆಕ್ಕು ಮನೆ ಬಿಟ್ಟಿತು. ಅತ್ತೆ ದೇವರಕೋಣೆಯ ಬಾಗಿಲು ಹಾಕಿಕೊಂಡರು. ಮೊದಮೊದಲು ಬಂದದ್ದು ಬಿಳೀ ನೀರು. ಅತ್ತೆ ಸೌಟಿನಲ್ಲಿ ಎತ್ತಿ ನೋಡಿ, “ಶೇಂಗಾ ಮಜ್ಜಿಗೆ ಚೊಲೋ ಬಂದೈತೆ. ಇಂಗು ಹಾಕಿ ಒಗ್ಗರಣೆ ಕೊಡ್ಲೇನು?” ಎಂದು ಕೇಳಿದರು. ಅವರ ತಮಾಷೆಗೆ ನಗದೆ ಇರುವುದು ಬಹಳ ಕಷ್ಟವಾಯಿತು, ಆದರೂ ನಗಲಿಲ್ಲ.

ಆ ನೀರನ್ನು ಅಲುಗಿಸದೆ ಹಾಗೇ ಬಿಟ್ಟರೆ ಮೇಲೆ ಕೆನೆ ಕಟ್ಟುತ್ತದೆ. ಎಣ್ಣೆ ಇರುವುದು ಆ ಕೆನೆಯಲ್ಲಿ, ಆದರೆ ನೀರನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಕೆನೆ ತೆಗೆದು ಫ್ರಿಜ್ಜಿನಲ್ಲಿ ಐಸು ಮಾಡುವ ಜಾಗದಲ್ಲಿಟ್ಟು ಗಟ್ಟಿ ಮಾಡಿ, ಆಮೇಲೆ ಕರಗಲು ಬಿಟ್ಟೆ. ಆಗ ಎಣ್ಣೆ ಬೇರೆಯಾಗಿ ಮೇಲೆ ನಿಂತಿತು. ಅಷ್ಟರಲ್ಲಿ ಬೇಸಿಗೆ ಬಂದು, ಬಂದವರಿಗೆ ಐಸು ಹಾಕಿದ ಶರಬತ್ತಿಲ್ಲ ಎಂಬ ಅಪಕೀರ್ತಿ ನಮ್ಮ ಮನೆಗೆ ಅಂಟಿಕೊಂಡಿತು. ಎಕ್ಸ್‌ಪೆಲ್ಲರಿನಷ್ಟು ಎಣ್ಣೆ ನನ್ನ ತೊಟ್ಟಿ ಕೊಡುತ್ತಿರಲಿಲ್ಲ, ನಿಜ. ಆದರೆ ಹೊಗೆಯಿಲ್ಲ, ಬೆಂಕಿಯಿಲ್ಲ. ಕರಟಿದ ಹಿಂಡಿಯ ಬದಲು ಉಳಿದದ್ದು ತಿನ್ನಬಹುದಾದ ಹಿಟ್ಟು. ಎಣ್ಣೆಯಂತೂ ತಿಳಿಯಾಗಿ, ಬೆಳಕಿಗೆ ಹಿಡಿದರೆ ಆಚೆಯದೆಲ್ಲ ಕಾಣುವಂತಿತ್ತು. ವಾಸನೆ ಮಾತ್ರ ಇರಲಿಲ್ಲ. ಬೇಯಿಸದ ಬೀಜಕ್ಕೆ ಹುರಿದ ಘಮ ಎಲ್ಲಿಂದ ಬರಬೇಕು? ಅದು ದೋಷವಲ್ಲ, ಗುಣ ಎಂದು ಸಾವ್ಕಾರ್ರಿಗೆ ತಿಳಿಸಿ ಹೇಳಲು ಕನ್ನಡಿಯೆದುರು ನಿಂತು ಭಾಷಣವನ್ನೂ ತಯಾರು ಮಾಡಿಕೊಂಡೆ.

ಮಾವ ಬಾಟಲಿ ಎತ್ತಿ ನೋಡಿ, “ಬಣ್ಣ ಚೊಲೋ ಐತೆ” ಎಂದರು. ಮೂಸಲಿಲ್ಲ. “ಅಲ್ಲೇ ಸಾವ್ಕಾರ್ರ ಮುಂದ ಮೂಸಿದ್ರಾತು” ಎಂದು ಕೊಟ್ಟುಬಿಟ್ಟರು. ವಾಸನೆಯಿಲ್ಲ ಎಂದು ನಾನೂ ಬಾಯಿಬಿಟ್ಟು ಹೇಳಲಿಲ್ಲ. ಊರಿನ ಮೂಗಿಗೇ ಮೂಗಿನ ಪಾಠ ಹೇಳುವುದೇ? ಆ ವರ್ಷ ಮಿಲ್ಲಿನಲ್ಲಿ ಎಣ್ಣೆ ಆಗಾಗ ಕಮಟು ಹಿಡಿದಿತ್ತು, ಮಾವ ಕೆಟಲಿನ ಪಕ್ಕವೇ ನಿಂತಿದ್ದಾಗಲೂ. ಬಾಯ್ಲರಿನ ತಪ್ಪು ಎಂದು ಬಾಯ್ಲರಿಗೆ ಬೈದಿದ್ದರು. ಮನೆಯಲ್ಲಿ ಅತ್ತೆ ಒಗ್ಗರಣೆ ಸೀಯಿಸಿದ ದಿನ ನಾವೆಲ್ಲ ಕೆಮ್ಮುತ್ತಿದ್ದರೆ ಮಾವ ಮಾತ್ರ ನೆಮ್ಮದಿಯಾಗಿ ಎರಡನೇ ಸಲ ಬಡಿಸಿಕೊಂಡಿದ್ದರು. ಗಂಡಂದಿರಲ್ಲಿ ಇಂಥವರೂ ಇರುತ್ತಾರಲ್ಲ ಎಂದು ನಾನು ನನ್ನವರ ಕಡೆ ನೋಡಿದ್ದೆ.

ಮಾವನ ಹಳೇ ಫಿಯಟ್ಟಿನಲ್ಲಿ ಹರಿಹರಕ್ಕೆ ಹೋದೆವು. ಪೇಟೆ ಬೀದಿಯ ಅಂಗಡಿಯಲ್ಲಿ ಸಾವ್ಕಾರ್ರು ಎಣ್ಣೆ ಡಬ್ಬಗಳ ನಡುವೆ ಗಾದಿಯ ಮೇಲೆ ಕೂತಿದ್ದರು. “ಬರ್ರಿ, ಬರ್ರಿ, ಕೂಡ್ರಿ. ಏನಮ್ಮ, ನೀರಾಗ ಎಣ್ಣೆ ತಗಿತೀಯಂತೆ? ನಮ್ಮ ಹೊಳಿಯಾಗೂ ಒಂದೀಟು ತಗಿ, ಇಬ್ರೂ ಪಾಲು ಹಾಕ್ಕಳಾನ” ಎಂದು ನಕ್ಕರು. ನಾನೂ ನಕ್ಕೆ. ಭಾಷಣ ನಾಲಗೆಯ ತುದಿಯಲ್ಲಿತ್ತು.

ರೂಢಿಯಂತೆ ಮಾವ ಮೊದಲು ಎಣ್ಣೆಯನ್ನು ಅಂಗೈಗೆ ಹಾಕಿಕೊಂಡರು. ಎರಡೂ ಕೈ ಉಜ್ಜಿದರು. ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದರು.

“ಏನ್ ಘಮ ಐತ್ರಿ ಸಾವ್ಕಾರ್ರೆ” ಅಂದರು. “ಈಗಿನ್ನ ಬಿಸಿ ಶೇಂಗಾ ಹುರಿದು ಬಾಯಾಗ ಹಾಕ್ಕಂಡಂಗೈತೆ.”

ಅದರಲ್ಲಿ ಘಮ ಇರಲೇ ಇಲ್ಲ. ನೀರನ್ನು ಮೂಸಿದರೂ ಅದಕ್ಕಿಂತ ಹೆಚ್ಚು ವಾಸನೆ ಸಿಕ್ಕೀತು.

ಸಾವ್ಕಾರ್ರು ಅಂಗೈಗೆ ಹಾಕಿಕೊಂಡು ಮೂಸಿದರು. ಮತ್ತೆ ಉಜ್ಜಿ ಮೂಸಿದರು. ಮಾವನ ಮುಖ ನೋಡಿದರು. ಅಂಗಡಿಯಲ್ಲಿದ್ದ ಬೇರೆ ಇಬ್ಬರು ವ್ಯಾಪಾರಿಗಳು ಮಾತು ನಿಲ್ಲಿಸಿ ಇತ್ತ ತಿರುಗಿದರು.

“ಯಜಮಾನ್ರೆ, ಇದು ಪಾಮೋಲಿನ್ ಇದ್ದಂಗೈತಲ್ರಿ. ಘಮ ಎಲ್ಲೈತೆ?” ಎಂದರು ಸಾವ್ಕಾರ್ರು ಮೆಲ್ಲಗೆ.

ಮಾವ ಇನ್ನೊಮ್ಮೆ ಕೈ ಮೂಸಿಕೊಂಡರು. ಆಗ ಅವರ ಕಣ್ಣಲ್ಲಿ ಕಂಡದ್ದು ಹೆದರಿಕೆ. ಹದ ತಪ್ಪಿದ ಕೆಟಲು, ಸೀದ ಒಗ್ಗರಣೆ, ಈ ಉಸಿರು, ಎಲ್ಲ ಸೇರಿ ನನಗೆ ಥಟ್ಟನೆ ಅರ್ಥವಾಯಿತು. ಮಾವನಿಗೆ ವಾಸನೆ ಬರುವುದೇ ಇಲ್ಲ. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಅಲ್ಲಿದ್ದವರು ಎರಡರಲ್ಲಿ ಒಂದನ್ನು ನಂಬುತ್ತಾರೆ: ಯಜಮಾನರು ಸುಳ್ಳಾಡಿದರು, ಇಲ್ಲವೇ ಯಜಮಾನರ ಮೂಗು ಹೋಗಿದೆ. ಯಾವುದನ್ನು ನಂಬಿದರೂ ಸಂಜೆಯೊಳಗೆ ದಾವಣಗೆರೆ ಪೇಟೆಗೆ ಸುದ್ದಿ ಮುಟ್ಟುತ್ತದೆ.

“ಮಾವಾರು ಬೆಳಿಗ್ಗೆಯಿಂದ ಕೆಟಲ್ ಹತ್ರ ಇದ್ರು ಸಾವ್ಕಾರ್ರೆ” ಅಂದೆ. “ಕೈಯೆಲ್ಲ ಮಿಲ್ಲಿನ ಎಣ್ಣೆ. ಅವರಿಗೆ ಬಂದಿದ್ದು ತಮ್ಮ ಕೈದೇ ವಾಸನೆ. ಈ ಬಾಟ್ಲಿ ಕೆಟ್ಟೈತೆ. ನಾನೇ ಏನೋ ತಪ್ಪು ಮಾಡೇನಿ.”

ಭಾಷಣ ಅಲ್ಲಿಗೆ ಮುಗಿಯಿತು. ಘಮವಿಲ್ಲದಿರುವುದೇ ಈ ಎಣ್ಣೆಯ ಗುಣ ಎಂದು ವಾದ ಹೂಡಿದ್ದರೆ, ಹಾಗಾದರೆ ಯಜಮಾನರು ಮೂಸಿದ್ದೇನು ಎಂದು ಮಾತು ಮತ್ತೆ ಅವರ ಮೂಗಿಗೇ ಬರುತ್ತಿತ್ತು. ಸರಿಯಾಗಿ ಬಂದ ಫಲಿತಾಂಶವನ್ನು ತಪ್ಪೆಂದು ಒಪ್ಪಿಕೊಳ್ಳುವ ವಿದ್ಯೆಯನ್ನು ನಮಗೆ ಯಾವ ಸೆಮಿಸ್ಟರಿನಲ್ಲೂ ಕಲಿಸಿರಲಿಲ್ಲ. ಆದರೂ ಚೆನ್ನಾಗಿಯೇ ಮಾಡಿದೆ. ಸಾವ್ಕಾರ್ರು “ಹೂಂ, ಹಂಗೂ ಇರ್ತೈತೆ ಬಿಡ್ರಿ” ಎಂದು ಟೀ ತರಿಸಿದರು. ವ್ಯಾಪಾರಿಗಳಲ್ಲೊಬ್ಬರು, ಹೆಣ್ಣುಮಕ್ಕಳು ಮಿಲ್ಲಿನ ಉಸಾಬರಿಗೆ ಹೋದರೆ ಹೀಗೇ ಎಂದು ಗೋಡೆಗೆ ತಿಳಿಸಿದರು. ಟೀ ಬಿಸಿಯಿತ್ತು, ಕುಡಿದೆ.

ವಾಪಸು ಬರುವಾಗ ಮಾವ ಫಿಯಟ್ಟನ್ನು ರಸ್ತೆಯ ಅಂಚಿನಲ್ಲೇ ನಿಧಾನಕ್ಕೆ ಓಡಿಸಿದರು. ಲಾರಿಗಳೆಲ್ಲ ನಮ್ಮನ್ನು ಹಿಂದೆ ಹಾಕಿ ಹೋದವು. ಕೊನೆಗೆ ರಸ್ತೆಯ ಮೇಲೇ ಕಣ್ಣಿಟ್ಟು ಹೇಳಿದರು. “ಹೋದ ವರ್ಷ ಜ್ವರ ಬಂದಿತ್ತಲ್ಲವ್ವ. ಜ್ವರ ಹೋತು, ಮೂಗೂ ಹೋತು. ಡಾಕ್ಟ್ರು ಬರತೈತೆ ಅಂದ್ರು. ಬರ್ಲಿಲ್ಲ.”

“ನಮಗ್ಯಾರಿಗೂ ಹೇಳಲಿಲ್ಲ ಮಾವ.”

“ಏನಂತ ಹೇಳ್ಲಿ? ಕುರುಡಂಗೆ ಕೋಲು ಕೊಡ್ತಾರೆ. ಇದಕ್ಕೇನ್ ಕೊಡ್ತಾರೆ?” ಗೇರು ಬದಲಿಸಿ ಅಂದರು. “ನಿನ್ನ ಮಿಷನ್ನಿಗೆ ಮೂಗು ಬ್ಯಾಡ ಅಂದ್ಯಲ್ಲ, ಅದಕ್ಕೇ ಹೂಂ ಅಂದೆ. ಅದೊಂದು ನಡೆದಿದ್ರೆ ನನ್ನ ಮಾನ ಉಳೀತಿತ್ತು.”

ನನ್ನ ಓದಿಗೆ ಸಿಕ್ಕಿದ್ದ ಬೆಲೆ ಇದು. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ಅಳು ಬಂತು, ಸಿಟ್ಟೂ ಬಂತು. ಯಾವುದು ಮೊದಲು ಬಂತೆಂದು ಗೊತ್ತಾಗಲಿಲ್ಲ. ಮಾವನ ಮೇಲೆ ಸಿಟ್ಟು ಮಾಡಲು ಹೋದರೆ ಆ ಅಂಗಡಿಯಲ್ಲಿ ಕಂಡ ಅವರ ಕಣ್ಣು ನೆನಪಾಗುತ್ತಿತ್ತು. ನೆಟ್ಟಗೆ ಸಿಟ್ಟು ಮಾಡುವುದಕ್ಕೂ ಈ ಮನೆಯಲ್ಲಿ ಅನುಕೂಲವಿರಲಿಲ್ಲ.

ಮರುದಿನ ನಾನು ಯಾರನ್ನೂ ಕೇಳದೆ ಮಿಲ್ಲಿಗೆ ಹೋಗಿ ಕೆಟಲಿನ ಪಕ್ಕ, ಮಾವನ ಹಿಂದೆ ನಿಂತೆ. ಬೀಜ ಬೇಯುತ್ತಿತ್ತು. ಮೊದಲು ಹಸಿ ವಾಸನೆ, ಆಮೇಲೆ ಬೇಳೆ ಬೆಂದ ವಾಸನೆ, ಆಮೇಲೆ ಹುರಿದ ಶೇಂಗಾದ್ದು. ಘಮ ಏರಿ ಇನ್ನೇನು ಕಮಟಿಗೆ ತಿರುಗುತ್ತದೆ ಎನ್ನುವಾಗ, “ಆತು ಮಾವ” ಎಂದು ಪಿಸುಗುಟ್ಟಿದೆ. ಮಾವ ಕಣ್ಣು ಮುಚ್ಚಿ, ಉಸಿರೆಳೆದು, “ಆತು, ಬಿಡ್ರಿ” ಎಂದು ಕೂಗಿದರು. ಎಂಥ ಗತ್ತು! ನಾಟಕ ಕಂಪನಿಗೆ ಸೇರಿದ್ದರೆ ಎಣ್ಣೆಗಿಂತ ಹೆಚ್ಚು ಹೆಸರು ಮಾಡುತ್ತಿದ್ದರು. ಅಂದಿನಿಂದ ಇದೇ ನಡೆಯಿತು. ಇಂಜಿನಿಯರಿಂಗ್ ಓದಿದ ನಾನು ಕೊನೆಗೂ ಮಿಲ್ಲು ಸೇರಿದೆ, ಮೂಗಿನ ಹುದ್ದೆಗೆ.

ಮಳೆಗಾಲದ ಹೊತ್ತಿಗೆ ಹರಿಹರದ ಸಾವ್ಕಾರ್ರು ಮಿಲ್ಲಿಗೆ ಬಂದರು. ಹೊಸ ಎಣ್ಣೆ ಮೂಸಿ ಬಹಳ ಸಂತೋಷಪಟ್ಟರು. ಮಾವ ಟೀ ಹೇಳಲು ಆಚೆ ಹೋದ ಕೂಡಲೇ ನನ್ನ ಕಡೆ ತಿರುಗಿ, “ಈಗ ಹದ ಬಂತು ನೋಡಮ್ಮ. ವರ್ಷದಿಂದ ಕಮಟು ಹೊಡೀತಿತ್ತು. ಯಜಮಾನ್ರಿಗೆ ಮೂಗಿಲ್ಲ ಅಂತ ಹೆಂಗೆ ಹೇಳೋದು? ನಾವೆಲ್ಲ ಮೂಸಿ ನೋಡಿ, ಸುಮ್ನೆ ತಗಂಡು ಬ್ಯಾರೆ ಎಣ್ಣೆಗೆ ಬೆರೆಸಿ ಮಾರ್ತಿದ್ವಿ” ಎಂದರು.

“ನಿಮಗೆಲ್ಲ ಗೊತ್ತಿತ್ತಾ?”

“ಪ್ಯಾಟಿಗೆಲ್ಲ ಗೊತ್ತೈತೆ.”

“ಹಂಗಾದ್ರೆ ಅವತ್ತು ನನ್ನ ಎಣ್ಣೆ ಪಾಮೋಲಿನ್ ಇದ್ದಂಗೈತೆ ಅಂದ್ರಲ್ಲ?”

“ಘಮ ಐತೆ ಅಂದುಬಿಟ್ರು, ನನಗ ದಿಕ್ಕು ತೋಚ್ಲಿಲ್ಲ. ಬಾಯಿಗೆ ಬಂದಿದ್ದು ಅಂದೆ. ಆಮ್ಯಾಲೆ ನೀನೇ ಕೆಟ್ಟೈತೆ ಅಂದಿ, ಬದುಕಿದೆ ಅಂತ ಹೂಂ ಅಂದೆ. ಎಣ್ಣೆ ಚೊಲೋನೇ ಇತ್ತಮ್ಮ.”

ಊರಿಗೆಲ್ಲ ಗೊತ್ತಿದ್ದ ಗುಟ್ಟನ್ನು ಕಾಯುವುದಕ್ಕೆ ನಾನು ನನ್ನ ಗೋದಾಮನ್ನು ಬಿಟ್ಟುಕೊಟ್ಟಿದ್ದೆ. ಅಷ್ಟರಲ್ಲಿ ಮಾವ ಒಳಗೆ ಬಂದರು. ಸಾವ್ಕಾರ್ರು ದನಿ ಏರಿಸಿ, “ಮೂಗು ಅಂದ್ರೆ ನಿಮ್ದು ನೋಡ್ರಿ ಯಜಮಾನ್ರೆ” ಎಂದರು. ಮಾವ ಬೀಗಿದರು. ನಾನು ಇಬ್ಬರಿಗೂ ಟೀ ಕೊಟ್ಟೆ. ಕೊಡುವಾಗ ಸಾವ್ಕಾರ್ರ ಪಂಚೆಯ ಮೇಲೆ ಸ್ವಲ್ಪ ಚೆಲ್ಲಿತು. ಅದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ಅವರು ಹೋದ ಮೇಲೆ ಮಾವನ ಎದುರು ಕೈ ಚಾಚಿದೆ. “ಗೋದಾಮಿನ ಕೀಲಿ ಕೊಡ್ರಿ.”

“ಯಾಕವ್ವ? ಸಾವ್ಕಾರ್ರು ಒಪ್ಲಿಲ್ಲಲ್ಲ?”

“ಸಾವ್ಕಾರ್ರ ಮಾತು ಬಿಡ್ರಿ. ನಾಳೆಯಿಂದ ಕೆಟಲ್ ಹತ್ರ ನಾನು ಬರಬೇಕೋ ಬ್ಯಾಡೋ, ಅದನ್ನ ಹೇಳ್ರಿ.”

ಮಾವ ನನ್ನನ್ನು ನೋಡಿದರು. ವ್ಯಾಪಾರದವರಲ್ಲವೇ, ಬೇಗ ತಿಳಿಯಿತು. ಸೊಂಟದ ಗೊಂಚಲಿನಿಂದ ಕೀಲಿ ಬಿಡಿಸಿ ಕೊಟ್ಟರು.

ಗೋದಾಮು ಗುಡಿಸಿ, ವಾಪಸು ಕಳಿಸದೆ ಅಟ್ಟದಲ್ಲಿಟ್ಟಿದ್ದ ತೊಟ್ಟಿ ತಂದಿಟ್ಟು, ಅಲ್ಲಿನ ಮೊದಲ ಎಣ್ಣೆ ತೆಗೆದ ದಿನ ಅತ್ತೆ, ನಮ್ಮನೆಯವರು, ಮಿಲ್ಲಿನವರು ಎಲ್ಲ ಬಂದಿದ್ದರು. ರೂಢಿ ಬಿಡಬಾರದೆಂದು ಬಾಟಲಿಯನ್ನು ಮಾವನಿಗೇ ಕೊಟ್ಟೆ. ಅವರು ಅಂಗೈಗೆ ಹಾಕಿಕೊಂಡು ಉಜ್ಜಿದರು. ಮೂಗಿನ ಹತ್ತಿರ ತಂದವರು ಅರ್ಧಕ್ಕೇ ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. “ನನಗ ಗೊತ್ತಾಗಲ್ಲ. ಮೂಗು ಹೋಗಿ ವರ್ಷದ ಮ್ಯಾಲಾತು. ನೀನೇ ಮೂಸಿ ಹೇಳವ್ವ, ಏನ್ ಬರ್ತೈತೆ?”

ಅತ್ತೆ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ನಾನು ಮಾವ ಚಾಚಿದ ಅಂಗೈ ಹಿಡಿದುಕೊಂಡು ಮೂಸಿದೆ.

“ಏನೂ ಬರಲ್ಲ ಮಾವ” ಅಂದೆ.

“ಖರೇನಾ? ಒಂಚೂರೂ ಇಲ್ಲ?”

“ಒಂಚೂರೂ ಇಲ್ಲ.”

ಮಾವ ಕೈಯನ್ನು ಮೂಗಿಗೆ ಹಿಡಿದುಕೊಂಡು ಬಹಳ ಹೊತ್ತು ಉಸಿರೆಳೆದರು. “ಹಂಗಾದ್ರೆ ಇದೊಂದು ಎಣ್ಣೆ ನನಗ ಸರಿಯಾಗಿ ಗೊತ್ತಾಗ್ತೈತೆ ಬಿಡು” ಎಂದರು.